ಅರಿವು ಕೇಂದ್ರದ ಕಪಾಟಿಗೆ ಕಾಡು, ಕೆರೆಗಳೂ ಬರಲಿ

ಶಿವರಾಮ ಕಾರಂತರ ‘ಬಾಲ ಪ್ರಪಂಚ’ 1936ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂತು. ಭೂಮಿ, ಆಕಾಶ, ಪ್ರಾಣಿ, ಸಸ್ಯಗಳನ್ನು ಕನ್ನಡದ ಮಕ್ಕಳಿಗೆ ಅವರದೇ ನುಡಿಯಲ್ಲಿ ತೋರಿಸಲು ಒಬ್ಬ ಲೇಖಕ ಹೊತ್ತ ಹೊರೆ ಅದು. ಅದೇ ಕಾರಂತರು ಎಂಬತ್ತು ದಾಟಿದ ಮೇಲೆ ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಬೀದಿಗಿಳಿದರು. 1989ರಲ್ಲಿ ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಸೋತರು, ನಿಜ. ಆದರೆ ಮಕ್ಕಳಿಗಾಗಿ ಬರೆದದ್ದು ಬೇರೆ, ಹೋರಾಡಿದ್ದು ಬೇರೆ ಎಂದು ನಮಗೆ ಅನಿಸುವುದಿಲ್ಲ. ಹೊಳೆಯಲ್ಲಿ ಏನೇನು ಬದುಕಿದೆಯೆಂದು ಚಿಕ್ಕಂದಿನಲ್ಲೇ ತಿಳಿದವರಿಗೆ, ಹೊಳೆ ಕೆಟ್ಟಾಗ ಕಳೆದುಕೊಂಡದ್ದೇನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ಓದಿ ದುರ್ಬೀನು ಹಿಡಿದು ಕಾಡಿಗೆ ಹೊರಟವರು ನಮ್ಮ ನಡುವೆ ಇದ್ದಾರೆ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಹಳ್ಳಿಯ ಮಕ್ಕಳ ಕೈಗೆ ಇಂಥ ಪುಸ್ತಕ ಸಿಗಲು ಇದಕ್ಕಿಂತ ಹತ್ತಿರದ ಜಾಗವಿಲ್ಲ. ಅಲ್ಲಿನ ಕಪಾಟು ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳಿಂದಲೇ ತುಂಬಿಹೋಗಬಾರದು. ಮಲೆನಾಡಿನ ಮಗುವಿಗೆ ಸಿಂಗಳೀಕದ, ಬಯಲುಸೀಮೆಯ ಮಗುವಿಗೆ ಕೃಷ್ಣಮೃಗದ, ಕರಾವಳಿಯ ಮಗುವಿಗೆ ಕಾಂಡ್ಲಾ ಕಾಡಿನ ಪುಸ್ತಕ ಬೇಕು. ನಾಟಿ ಬೀಜ ಕಾಪಿಡುವುದು, ಮನೆಯ ಕಸವನ್ನು ಗೊಬ್ಬರ ಮಾಡುವುದು, ಕೆರೆಯ ಹೂಳೆತ್ತುವುದು, ಇವೂ ಕಥೆಯಾಗಿ ಬರಲಿ. ಇಂಥ ಪುಸ್ತಕಗಳಿಗೆಂದೇ ಖರೀದಿ ಹಣದಲ್ಲಿ ಒಂದು ಪಾಲನ್ನು ಸರ್ಕಾರ ಮೀಸಲಿಡಬೇಕು. ತಿಂಗಳಿಗೊಮ್ಮೆಯಾದರೂ ಮಕ್ಕಳನ್ನು ಪುಸ್ತಕದ ಸಮೇತ ಕೆರೆ ಏರಿಗೆ ಕರೆದೊಯ್ಯಲು ಶಾಲೆಯ ವೇಳಾಪಟ್ಟಿಯಲ್ಲೇ ಶಿಕ್ಷಕರಿಗೆ ಬಿಡುವು ಕೊಡಬೇಕು.