ಬೋರ್ ಮಾಡ್ಸೋ ಮುಂಚೆ ಟೈಮಿಂಗ್ ನೋಡ್ಸಿ

ಹಳೇ ಟ್ರ್ಯಾಕ್ಟರ್ ಹೊಗೆ ಕಾರಿದ್ರೆ ಸಾಕು, "ಇಂಜಿನ್ ಬೋರ್ ಮಾಡಿಸ್ಬೇಕು" ಅಂದ್ಬಿಡ್ತಾರೆ. ಹೋದ ಮುಂಗಾರಲ್ಲಿ ನನಗೂ ಹಂಗೇ ಅಂದ್ರು. ಡೀಸೆಲ್ ಪಂಪ್ ರಿಪೇರಿ ಮಾಡಿಸಿ ಕೂರಿಸಿದ ದಿನದಿಂದಲೇ ಹೊಗೆ ಶುರುವಾಗಿತ್ತು. ಕಲ್ಟಿವೇಟರ್ ಇಳಿಸಿದ್ರೆ ಎಳೀತಿರಲಿಲ್ಲ. ಮೆಕ್ಯಾನಿಕ್ ಬರೀ ಸದ್ದು ಕೇಳಿ ಟೈಮಿಂಗ್ ಕೂರಿಸಿದ್ದ.

ಡೀಸೆಲ್ ಇಂಜಿನ್ನಿಗೆ ಪ್ಲಗ್ಗಿನ ಕಿಡಿ ಇಲ್ಲ, ಪಂಪು ಡೀಸೆಲ್ ಬಿಡೋ ಹೊತ್ತೇ ಟೈಮಿಂಗ್. ಮುಂಚೆ ಬಿಟ್ರೆ ಕಟಕಟ ಬಡಿಯುತ್ತೆ. ತಡವಾದ್ರೆ ಹೊಗೆ ಬರುತ್ತೆ, ಎಳೆತ ಹೋಗುತ್ತೆ, ಡೀಸೆಲ್ಲೂ ಜಾಸ್ತಿ ಕುಡಿಯುತ್ತೆ. ಇದನ್ನ ಕಿವಿಯಲ್ಲಿ ಅಳೆಯೋಕಾಗಲ್ಲ. ಒಂದನೇ ಸಿಲಿಂಡರನ್ನ ಕಂಪ್ರೆಶನ್ನಿಗೆ ತಂದು, ಫ್ಲೈವೀಲ್ ಗುರುತು ನೋಡಿಯೇ ಕೂರಿಸಬೇಕು.

ಬೇರೆಯವರ ಹತ್ರ ಹಂಗೆ ನೋಡಿಸಿದಾಗ ನಮ್ಮ ಪಂಪ್ ತಡವಾಗಿ ಕೂತಿತ್ತು. ಬೋಲ್ಟ್ ಸಡಿಲಿಸಿ ಒಂಚೂರು ತಿರುಗಿಸಿದ್ರು, ಅರ್ಧ ದಿನದ ಕೆಲಸ. ಬೋರ್ ಖರ್ಚು ಉಳೀತು. ಆದ್ರೆ ಅಷ್ಟರಲ್ಲಿ ರಾಗಿ ಬಿತ್ತೋ ಹದ ಹೋಗಿತ್ತು.

ಅದಕ್ಕೇ ಹೇಳ್ತೀನಿ, ಪಂಪ್ ಬಿಚ್ಚೋ ಮುಂಚೆ ಪಂಪಿಗೂ ಇಂಜಿನ್ನಿಗೂ ಸೇರಿಸಿ ಒಂದು ಗೆರೆ ಕೊರೆಸಿ. ಕೂರಿಸುವಾಗ ಪಕ್ಕದಲ್ಲೇ ನಿಂತು "ಗುರುತು ತೋರಿಸಪ್ಪಾ" ಅಂತ ಕೇಳಿ. ಮೆಕ್ಯಾನಿಕ್ ಸಿಟ್ಟಾದ್ರೆ ಆಗ್ಲಿ. ಅವನ ಸಿಟ್ಟು ಸಂಜೆಗೆ ಇಳಿಯುತ್ತೆ, ಹೋದ ಹದ ವಾಪಸ್ ಬರಲ್ಲ.