ಡಿಸ್ಚಾರ್ಜ್ ಆದ ಮೇಲಿನ ಚಿಕಿತ್ಸೆ

ರುಮ್ಯಾಟಿಕ್ ಹೃದ್ರೋಗದಿಂದ ಕವಾಟ ಕೆಟ್ಟ ಮಗುವಿಗೆ ಕೃತಕ ಲೋಹದ ಕವಾಟ ಹಾಕಿ ಮನೆಗೆ ಕಳಿಸಿದರೆ ಚಿಕಿತ್ಸೆ ಮುಗಿಯಿತೆಂದಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ಜೀವನಪೂರ್ತಿ ಬೇಕು. ಡೋಸ್ ಕಡಿಮೆಯಾದರೆ ಕವಾಟ ಕಟ್ಟಿಕೊಳ್ಳಬಹುದು, ಹೆಚ್ಚಾದರೆ ಒಸಡಿನಿಂದ ಹಿಡಿದು ಮಿದುಳಿನವರೆಗೆ ಎಲ್ಲಿ ಬೇಕಾದರೂ ರಕ್ತಸ್ರಾವವಾಗಬಹುದು. ಹದ ತಿಳಿಯಲು ಆಗಾಗ ಐಎನ್‌ಆರ್ ರಕ್ತಪರೀಕ್ಷೆ ಆಗಲೇಬೇಕು. ಜೊತೆಗೆ 3–4 ವಾರಕ್ಕೊಮ್ಮೆ ಪೆನ್ಸಿಲಿನ್ ಚುಚ್ಚುಮದ್ದು. ಲಕ್ಷಗಟ್ಟಲೆಯ ಆಪರೇಷನ್ನಿಗೆ ಸರ್ಕಾರದ ಯೋಜನೆ ನೆರವಾಗುತ್ತದೆ. ಆದರೆ ಐಎನ್‌ಆರ್ ಪರೀಕ್ಷೆಗೆಂದು ಕೂಲಿ ಬಿಟ್ಟು ದೂರದ ಊರಿಗೆ ಬಸ್ ಹತ್ತುವ ತಾಯಿಯ ಖರ್ಚನ್ನು ಯಾರು ಲೆಕ್ಕ ಹಿಡಿದಿದ್ದಾರೆ?

ಬೆರಳು ಚುಚ್ಚಿ ಹನಿ ರಕ್ತದಲ್ಲೇ ಐಎನ್‌ಆರ್ ತೋರಿಸುವ ಪುಟ್ಟ ಯಂತ್ರಗಳಿವೆ; ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಒಂದಿರಲಿ. ಮಾತ್ರೆ, ಪರೀಕ್ಷೆ, ಚುಚ್ಚುಮದ್ದು ತಪ್ಪದಂತೆ ನೋಡಿಕೊಳ್ಳಲು ಆಶಾ ಕಾರ್ಯಕರ್ತೆಯರು ಈ ಮಕ್ಕಳ ಮನೆಗೆ ಭೇಟಿ ಕೊಡಲಿ. ಇದು ಅವರಿಗೆ ಇನ್ನೊಂದು ಹೊರೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ನವಜಾತ ಶಿಶುಗಳಿಗಾಗಿ ಅವರು 42 ದಿನಗಳವರೆಗೆ ಮನೆಮನೆಗೆ ಹೋಗುವ ವ್ಯವಸ್ಥೆ ಈಗಾಗಲೇ ಇದೆ. ಕವಾಟ ಹಾಕಿಸಿಕೊಂಡ ಮಕ್ಕಳು ಅಷ್ಟು ಸಂಖ್ಯೆಯಲ್ಲಿಲ್ಲ. ಪ್ರತಿ ಭೇಟಿಗೂ ಪ್ರತ್ಯೇಕ ಗೌರವಧನ ಕೊಟ್ಟು ಈ ಕೆಲಸ ಒಪ್ಪಿಸಬೇಕು.