ಬೀಗಮುದ್ರೆಗೆ ಮುನ್ನ ರಿಸೀವರ್



ನಿಯಮ ಮೀರಿದ ನರ್ಸಿಂಗ್ ಹೋಂಗೆ ಬೀಗ ಜಡಿದರೆ ಮಾಲೀಕನಿಗಿಂತ ಮೊದಲು ಪೆಟ್ಟು ತಿನ್ನುವವರು ಒಳಗೆ ಮಲಗಿದ ರೋಗಿಗಳು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ನೋಂದಣಿ ರದ್ದು ಮಾಡಬಹುದು, ಸರಿ. ಆದರೆ ಯಲಬುರ್ಗಾದಲ್ಲೋ ಕುಷ್ಟಗಿಯಲ್ಲೋ ಹೊಲಿಗೆ ಬಿಚ್ಚದ ಬಾಣಂತಿಯನ್ನು, ಕೈಯಲ್ಲಿ ಸಲೈನ್ ಸೂಜಿ ಇರುವಾಗಲೇ, ಆಂಬುಲೆನ್ಸ್ ಹತ್ತಿಸಿ ಕೊಪ್ಪಳಕ್ಕೋ ಬಾಗಲಕೋಟೆಗೋ ಸಾಗಿಸಬೇಕೆ? ಅಮೆರಿಕದ ಹಲವು ರಾಜ್ಯಗಳಲ್ಲಿ ವೃದ್ಧರ ಆರೈಕೆ ಕೇಂದ್ರ ಹದಗೆಟ್ಟರೆ ನ್ಯಾಯಾಲಯವೇ ರಿಸೀವರ್, ಅಂದರೆ ತಾತ್ಕಾಲಿಕ ಉಸ್ತುವಾರಿಯನ್ನು ನೇಮಿಸಿ ಆಡಳಿತ ಒಪ್ಪಿಸುತ್ತದೆ. ನಮಗೂ ರಿಸೀವರ್ ಹೊಸಬನಲ್ಲ. ಗಂಗಾವತಿಯ ಭತ್ತದ ಗದ್ದೆ ವ್ಯಾಜ್ಯಕ್ಕೆ ಬಿದ್ದರೆ ಫಸಲು ಕಾಯಲು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 40ನೇ ಆದೇಶವಿದೆ. ಆದರೆ ಅದಕ್ಕೆ ದಾವೆ ಹೂಡಿರಬೇಕು. ಆದ್ದರಿಂದ ಆಸ್ಪತ್ರೆಗಳಿಗಾಗಿ 2007ರ ಕಾಯ್ದೆಗೇ ರಿಸೀವರ್ ನೇಮಕದ ಒಂದು ಕಲಂ ಸೇರಬೇಕು.

ಇದು ಆಸ್ತಿ ಕಸಿಯುವ ದಾರಿ ಎಂಬ ಆಕ್ಷೇಪ ಬಂದೇ ಬರುತ್ತದೆ. ಆದರೆ ರಿಸೀವರ್ ಮಾಲೀಕನಾಗುವುದಿಲ್ಲ. ಭದ್ರತೆ ನೀಡಿ, ನ್ಯಾಯಾಲಯಕ್ಕೆ ಲೆಕ್ಕ ಒಪ್ಪಿಸಬೇಕು, ಬೇಕೆಂದೇ ನಷ್ಟ ಮಾಡಿದರೆ ತಾನೇ ತೆರಬೇಕು. ರಿಸೀವರ್ ಆಗಿ ಬರುವ ವಕೀಲರಿಗೆ ಆಸ್ಪತ್ರೆ ನಡೆಸಲು ಬರುತ್ತದೆಯೇ ಎಂಬ ಪ್ರಶ್ನೆ ಮಾತ್ರ ನ್ಯಾಯವಾದದ್ದೇ. ಅದಕ್ಕೆ ಅನುಭವಿ ವೈದ್ಯಾಧಿಕಾರಿಯನ್ನು ಜೊತೆಗಿರಿಸಿ, ಆಸ್ಪತ್ರೆಯ ಆದಾಯದಿಂದಲೇ ನರ್ಸ್‌ಗಳ ಸಂಬಳ, ಔಷಧಿ ಬಿಲ್ ಮೊದಲು ತೀರಿಸಲಿ. ನಕಲಿ ವೈದ್ಯರ ಅಂಗಡಿಗಳಿಗೆ ಈ ಸೌಲಭ್ಯ ಬೇಡವೇ ಬೇಡ. ಅವಕ್ಕೆ ಬೀಗವೇ ಸರಿ.

– ಓದುಗ, ಕುಷ್ಟಗಿ